ಎಣ್ಣೆ ಡಬ್ಬಿ, ರೊಟ್ಟಿಯ ಉಂಡೆ ಮತ್ತು ನನ್ನ ಹನ್ನೆರಡು ಕಿಲೊ

ನಮ್ಮ ಮನೆಯಲ್ಲಿ ಐದು ಜನ. 2021ರ ಜೂನ್‌ವರೆಗೆ ತಿಂಗಳ ಕಿರಾಣಿಯಲ್ಲಿ ಐದು ಲೀಟರಿನ ಒಂದು ಎಣ್ಣೆ ಡಬ್ಬಿ ಬರುತ್ತಿತ್ತು. ಕೊನೆಯ ವಾರಕ್ಕೆ ಅದು ಸಾಲದೆ ಇನ್ನೊಂದು ಲೀಟರಿನ ಪ್ಯಾಕೆಟ್ ತರಿಸುತ್ತಿದ್ದೆವು. ಒಂದು ಭಾನುವಾರ ಸಂಜೆ ಕಿರಾಣಿ ಚೀಟಿ ಬರೆಯುತ್ತ ಕುಳಿತವಳು ಅದನ್ನೇ ಲೆಕ್ಕ ಹಾಕಿದೆ. ಆರು ಲೀಟರನ್ನು ಐದು ಜನಕ್ಕೆ, ಮೂವತ್ತು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 40 ಮಿಲಿಲೀಟರ್. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಅಂದರೆ ನಾವು ಪ್ರತಿಯೊಬ್ಬರೂ ದಿನಕ್ಕೆ 330 ಕ್ಯಾಲೊರಿಯಷ್ಟು ಬರೀ ಎಣ್ಣೆಯನ್ನು ಉಣ್ಣುತ್ತಿದ್ದೆವು. ಹೋಟೆಲಿನ ಮಿರ್ಚಿ ಭಜಿ, ಮದುವೆ ಮನೆಯ ಊಟ ಇದರಲ್ಲಿ ಸೇರಿಲ್ಲ.

ಆಗ ನನಗೆ 45 ವರ್ಷ. ಎತ್ತರ 156 ಸೆಂಟಿಮೀಟರ್, ತೂಕ 78.4 ಕಿಲೊ, ಸೊಂಟದ ಸುತ್ತಳತೆ 101 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ ಸೊಂಟ 80 ದಾಟಿದರೇ ಎಚ್ಚರ ವಹಿಸಬೇಕು ಎನ್ನುತ್ತಾರೆ. ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ 6.2 ಬಂದಿತ್ತು. 6.5 ಮುಟ್ಟಿದರೆ ಮಧುಮೇಹ. ನನ್ನ ತಾಯಿ ಆ ಕಾಯಿಲೆಯಲ್ಲಿ ಕಣ್ಣಿನ ದೃಷ್ಟಿ ಕಳೆದುಕೊಂಡದ್ದನ್ನು ಹತ್ತಿರದಿಂದ ನೋಡಿದವಳು ನಾನು. ಹೆದರಿಕೆ ಆಯಿತು, ನಿಜವಾದ ಹೆದರಿಕೆ.

ಅದಕ್ಕೆ ಮೊದಲು, 2018ರಲ್ಲಿ, ಒಮ್ಮೆ ತೂಕ ಇಳಿಸಿದ್ದೆ. ರೊಟ್ಟಿ, ಅನ್ನ ಎರಡನ್ನೂ ಪೂರ್ತಿ ಬಿಟ್ಟು, ಬೆಳಗ್ಗೆ ಓಟ್ಸ್, ರಾತ್ರಿ ಸೂಪ್ ಎಂದು ಮೂರು ತಿಂಗಳು ಹಲ್ಲು ಕಚ್ಚಿ ಹಿಡಿದೆ. ಒಂಬತ್ತು ಕಿಲೊ ಇಳಿಯಿತು. ಎಲ್ಲರೂ ಹೊಗಳಿದರು. ಕೂದಲು ಉದುರಿತು, ಮೆಟ್ಟಿಲು ಹತ್ತಿದರೆ ತಲೆ ಸುತ್ತುತ್ತಿತ್ತು, ಮನೆಯವರ ಮೇಲೆ ರೇಗುತ್ತಿದ್ದೆ. ತಂಗಿಯ ಮಗಳ ಮದುವೆಯಲ್ಲಿ ಒಂದು ಹೋಳಿಗೆ ಬಾಯಿಗೆ ಹೋದದ್ದೇ ತಡ, ಕಟ್ಟೆ ಒಡೆದಂತಾಯಿತು. ಎಂಟು ತಿಂಗಳಲ್ಲಿ ಒಂಬತ್ತು ಕಿಲೊ ಮರಳಿ ಬಂತು, ಜೊತೆಗೆ ಇನ್ನೂ ಎರಡು. ಹಾಗೆ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಹಸಿವು ಹುಟ್ಟಿಸುವ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನು ಇಳಿಯುತ್ತದೆ ಎಂಬುದನ್ನು ಆಮೇಲೆ ತಿಳಿದುಕೊಂಡೆ. ಅಷ್ಟು ದಿನ ನನಗೆ ಮನಸ್ಸು ಗಟ್ಟಿಯಿಲ್ಲ ಎಂದು ಕೊರಗಿದ್ದೆ. ಆ ಕೊರಗು ಯಾರಿಗೂ ಬೇಡ.

ಎರಡನೇ ಸಲ ಶುರು ಮಾಡುವಾಗ ವೈದ್ಯರು ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಅದು ಸರಿಯಿತ್ತು. ಆಮೇಲೆ ಅವರು ಹೇಳಿದ ಒಂದು ಮಾತು ನನ್ನ ಎದೆಯ ಭಾರ ಇಳಿಸಿತು. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ನನ್ನಂತೆ ಮಧುಮೇಹದ ಅಂಚಿನಲ್ಲಿದ್ದವರಿಗೆ ಕೊಟ್ಟ ಗುರಿ ದೇಹತೂಕದಲ್ಲಿ ಶೇಕಡಾ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆ, ಅಷ್ಟೇ. ಅಷ್ಟರಿಂದಲೇ ಕಾಯಿಲೆ ಬರುವ ಪ್ರಮಾಣ ಶೇಕಡಾ 58ರಷ್ಟು ತಗ್ಗಿತ್ತು. ನನ್ನ ಲೆಕ್ಕದಲ್ಲಿ ಐದೂವರೆ ಕಿಲೊ. ಪಟ್ಟಿಯಲ್ಲಿರುವ ಆದರ್ಶ ತೂಕ ಮುಟ್ಟಬೇಕಾಗಿಲ್ಲ, ಐದೂವರೆ ಕಿಲೊ ಇಳಿಸಿ ಉಳಿಸಿಕೊಂಡರೂ ದೊಡ್ಡ ಗಂಡಾಂತರ ಹಿಂದೆ ಸರಿಯುತ್ತದೆ.

ಆವತ್ತು ನಾನೊಂದು ಪರೀಕ್ಷೆ ಇಟ್ಟುಕೊಂಡೆ. ಯಾವ ಅಭ್ಯಾಸವನ್ನೇ ಹಿಡಿಯಲಿ, ಅದು ನಮ್ಮೂರು ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ನಡೆಯಬೇಕು, ಶರಣಬಸವೇಶ್ವರರ ಜಾತ್ರೆಯ ವಾರದಲ್ಲಿ ನಡೆಯಬೇಕು, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗಲೂ ನಡೆಯಬೇಕು. ಅಲ್ಲಿ ನಡೆಯದ್ದನ್ನು ಶುರುವೇ ಮಾಡಬಾರದು.

ಮೊದಲು ಎಣ್ಣೆ. ಡಬ್ಬಿ ತರುವುದನ್ನು ನಿಲ್ಲಿಸಿ ತಿಂಗಳಿಗೆ ಮೂರೂವರೆ ಲೀಟರ್ ಮಾತ್ರ ಪ್ಯಾಕೆಟ್‌ನಲ್ಲಿ ತರಿಸತೊಡಗಿದೆ. ಮನೆಗೇ ಬರದ ಎಣ್ಣೆಯ ಜೊತೆ ದಿನವೂ ಹೋರಾಡಬೇಕಾಗಿಲ್ಲ. ಎಣ್ಣೆಗಾಯಿ ಮಾಡುವಾಗ ಮೊದಲೆಲ್ಲ ಬಾಣಲೆಗೆ ನೇರವಾಗಿ ಡಬ್ಬಿಯಿಂದ ಸುರಿಯುತ್ತಿದ್ದೆ. ಈಗ ಅರ್ಧ ಕಿಲೊ ಎಳೆ ಬದನೆಕಾಯಿಗೆ ಊಟದ ಚಮಚದಲ್ಲಿ ಅಳೆದು ಮೂರು ಚಮಚ. ಸಾಸಿವೆ, ಜೀರಿಗೆ ಸಿಡಿದ ಮೇಲೆ ಹೊಟ್ಟೆ ಸೀಳಿ ಮಸಾಲೆ ತುಂಬಿದ ಬದನೆಕಾಯಿಗಳನ್ನು ಜೋಡಿಸಿ, ಒಂದು ಹಿಡಿ ನೀರು ಚಿಮುಕಿಸಿ, ಮೇಲೆ ತಟ್ಟೆ ಮುಚ್ಚಿ, ಆ ತಟ್ಟೆಯಲ್ಲೂ ನೀರು ನಿಲ್ಲಿಸಿ ಸಣ್ಣ ಉರಿಯಲ್ಲಿ ಬಿಡುತ್ತೇನೆ. ಆವಿಯಲ್ಲೇ ಕಾಯಿ ಬೇಯುತ್ತದೆ. ಕೊನೆಗೆ ಶೇಂಗಾ, ಎಳ್ಳು, ಗುರೆಳ್ಳು ತಮ್ಮ ಎಣ್ಣೆಯನ್ನು ತಾವೇ ಬಿಡುತ್ತವೆ, ಅಂಚಿನಲ್ಲಿ ಕೆಂಪಗೆ ಮಿನುಗುತ್ತದೆ. ರುಚಿಯಲ್ಲಿ ಯಾರೂ ವ್ಯತ್ಯಾಸ ಹೇಳಲಿಲ್ಲ. ಈ ಒಂದು ಬದಲಾವಣೆಯಿಂದ ತಲೆಗೆ ದಿನಕ್ಕೆ ಸುಮಾರು 140 ಕ್ಯಾಲೊರಿ ಕಡಿಮೆಯಾಯಿತು.

ಇನ್ನು ರೊಟ್ಟಿ. ಜೋಳದ ರೊಟ್ಟಿ ತಿಂದರೆ ದಪ್ಪವಾಗುವುದಿಲ್ಲ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಗಟ್ಟಿಯಾಗಿದೆ. ಜೋಳದ ಹಿಟ್ಟಿನಲ್ಲೂ ಗೋಧಿ ಹಿಟ್ಟಿನಲ್ಲೂ ಕ್ಯಾಲೊರಿ ಹೆಚ್ಚು ಕಡಿಮೆ ಒಂದೇ, 100 ಗ್ರಾಂಗೆ 340ರ ಆಸುಪಾಸು. ಜೋಳಕ್ಕೆ ನಾರಿದೆ, ಖಡಕ್ ರೊಟ್ಟಿಯನ್ನು ನಿಧಾನವಾಗಿ ಅಗಿದು ತಿನ್ನಬೇಕಾಗುತ್ತದೆ, ಅದು ಒಳ್ಳೆಯದೇ. ಆದರೆ ಎಣಿಕೆ ಇಲ್ಲದೆ ತಿಂದರೆ ಜೋಳವೂ ಸೊಂಟಕ್ಕೇ ಸೇರುತ್ತದೆ. ಮೊದಲ ಸಲ ರೊಟ್ಟಿ ಬಿಟ್ಟು ಕೆಟ್ಟಿದ್ದೆ, ಈ ಸಲ ಬಿಡುವ ಮಾತೇ ಇರಲಿಲ್ಲ.

ತೊಡಕಿದ್ದದ್ದು ನನ್ನ ಅತ್ತೆಯವರ ಪ್ರೀತಿಯಲ್ಲಿ. ಅವರಿಗೆ ಆಗ 72 ವರ್ಷ. ಸೊಸೆ ಮೂರು ರೊಟ್ಟಿ ತಿನ್ನಲಿಲ್ಲವೆಂದರೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. "ಎರಡೇ ಸಾಕೇ? ಮೈಗೆ ಹುಷಾರಿಲ್ಲವೇ?" ಎಂದು ತಟ್ಟೆಗೆ ತಂದು ಹಾಕುತ್ತಿದ್ದರು. ವಾದಿಸಿ ಅವರನ್ನು ನೋಯಿಸಲು ಮನಸ್ಸಾಗಲಿಲ್ಲ. ಒಂದು ಬೆಳಗ್ಗೆ ನಾದಿದ ಹಿಟ್ಟಿನ ಉಂಡೆಯನ್ನೇ ಸಣ್ಣದು ಮಾಡಿದೆ. ಒಂದು ಉಂಡೆಗೆ 80 ಗ್ರಾಂ ಹಿಟ್ಟು ಹೋಗುತ್ತಿದ್ದದ್ದು 55ಕ್ಕೆ ಇಳಿಯಿತು. ಮೊದಲ ವಾರ ತೂಕದ ಕಾಟಾದಲ್ಲಿಟ್ಟು ನೋಡಿದೆ, ಆಮೇಲೆ ಅಂಗೈಗೇ ಅಳತೆ ಗೊತ್ತಾಯಿತು. ರೊಟ್ಟಿ ಮೊದಲಿಗಿಂತ ತೆಳ್ಳಗೆ ಬಡಿದೆ, ಹೆಂಚಿನ ಮೇಲೆ ಚೆನ್ನಾಗಿ ಉಬ್ಬಿತು. ಮೂರು ರೊಟ್ಟಿ ತಿನ್ನುತ್ತೇನೆ, ಅತ್ತೆಯವರು ಎಣಿಸಿ ಸಮಾಧಾನಪಡುತ್ತಾರೆ, ಹಿಟ್ಟು 75 ಗ್ರಾಂ ಕಡಿಮೆ. ತಿಂಗಳು ಕಳೆದ ಮೇಲೆ ಅವರಿಗೆ ವಿಷಯ ತಿಳಿಸಿದೆ. ಅವರೇ ಈಗ ನನ್ನ ಪಾಲಿನ ಉಂಡೆ ಬೇರೆ ಇಡುತ್ತಾರೆ.

ರೊಟ್ಟಿ ಮುಗಿದ ಮೇಲೆ ಅನ್ನ ಬರುವುದು ನಮ್ಮ ಊಟದ ಕ್ರಮ. ಅದನ್ನು ಮಧ್ಯಾಹ್ನ ಒಂದು ಬಟ್ಟಲಿಗೆ ನಿಲ್ಲಿಸಿ, ಆ ಜಾಗಕ್ಕೆ ಬೇಳೆ ತಂದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿ ನಮ್ಮ ಜಿಲ್ಲೆಯದು. ಅಂಥ ಬೇಳೆ ಮನೆಯಲ್ಲಿಟ್ಟುಕೊಂಡು ತಿಳಿ ಸಾರು ಉಣ್ಣುತ್ತಿದ್ದೆವಲ್ಲ! 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂನಷ್ಟು ಪ್ರೋಟೀನ್ ಇದೆ. ಈಗ ಬೇಳೆ ಗಟ್ಟಿಯಾಗಿ, ಬಟ್ಟಲ ತುಂಬ. ಪುಂಡಿ ಪಲ್ಯಕ್ಕೂ ಬೇಳೆ ಮೊದಲಿನ ಎರಡರಷ್ಟು. ಮಡಿಕೆ ಕಾಳು, ಹೆಸರು ಕಾಳು ಮೊಳಕೆ ಕಟ್ಟುತ್ತೇನೆ, ಮೊಸರಿದೆ, ವಾರಕ್ಕೆ ನಾಲ್ಕು ಮೊಟ್ಟೆ. ತಟ್ಟೆಯ ಬದಿಗೆ ಹಕ್ಕರಿಕೆ, ಮೆಂತ್ಯೆ ಸೊಪ್ಪು, ಮೂಲಂಗಿ, ಸೌತೆಕಾಯಿ ಹಸಿಯಾಗಿಯೇ ಇರುತ್ತವೆ, ಊಟ ಅಲ್ಲಿಂದಲೇ ಶುರು. ಮಧ್ಯಾಹ್ನ ಹೀಗೆ ಉಂಡ ದಿನ ಸಂಜೆ ಐದಕ್ಕೆ ಭಜಿ ಅಂಗಡಿಯ ವಾಸನೆ ನನ್ನನ್ನು ಅಷ್ಟು ಸೆಳೆಯುವುದಿಲ್ಲ. ಇದನ್ನು ನೂರಾರು ಸಲ ಕಂಡಿದ್ದೇನೆ.

ಚಹಾದ ಕತೆ ಚಿಕ್ಕದು. ಕಚೇರಿಯಲ್ಲಿ ಮೂರು, ಮನೆಯಲ್ಲಿ ಎರಡು, ಪ್ರತಿ ಕಪ್ಪಿಗೂ ಎರಡು ಚಮಚ ಸಕ್ಕರೆ. ಹದಿನೈದು ದಿನಕ್ಕೊಮ್ಮೆ ಕಪ್ಪಿಗೆ ಕಾಲು ಚಮಚ ಇಳಿಸುತ್ತ ಬಂದೆ. ಈಗ ದಿನಕ್ಕೆ ಮೂರು ಕಪ್, ಅರ್ಧ ಚಮಚ.

ನಡಿಗೆಯ ವಿಷಯಕ್ಕೆ ಬರುತ್ತೇನೆ. ಮಂಡಿ ನೋವಿತ್ತು, ಮೊದಲ ವಾರ ಹತ್ತೇ ನಿಮಿಷ. ಊರಿನ ‘ಅಪ್ಪನ ಕೆರೆ’ಯ ದಂಡೆಗೆ ಹೋಗಿ ಒಂದಿಷ್ಟು ದೂರ ನಡೆದು ಬರುತ್ತಿದ್ದೆ. ಮೂರು ತಿಂಗಳಲ್ಲಿ ಅದು 40 ನಿಮಿಷ ಆಯಿತು. ಆಮೇಲೆ ಬಂತು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಹೊರಗೆ 42, 43 ಡಿಗ್ರಿ. ದಿನಚರಿಯೆಲ್ಲ ತಲೆಕೆಳಗು. ಸಂಜೆ ಏಳಾದರೂ ರಸ್ತೆ ಕಾವು ಉಗುಳುತ್ತಿರುತ್ತದೆ. ಹಾಗಾಗಿ ಆ ಎರಡು ತಿಂಗಳು ಐದು ಗಂಟೆಗೇ ಮನೆ ಬಿಡುತ್ತೇನೆ, 25 ನಿಮಿಷಕ್ಕೆ ಮರಳುತ್ತೇನೆ. ಕಡಿಮೆಯಾದದ್ದನ್ನು ರಾತ್ರಿ ಮಾಳಿಗೆಯ ಮೇಲೆ ಅಡ್ಡಾಡಿ ತುಂಬಿಸಿಕೊಳ್ಳುತ್ತೇನೆ. ಬಿಸಿಲಿನೂರಿನಲ್ಲಿ ಬೇಸಿಗೆಗೆ ಬೇರೆ ವೇಳಾಪಟ್ಟಿ ಇಲ್ಲದ ನಡಿಗೆ ಮಾರ್ಚ್ ಕೊನೆಗೇ ನಿಂತುಹೋಗುತ್ತದೆ.

ಹಳೆಯ ಎರಡು ಎಣ್ಣೆ ಡಬ್ಬಿಗಳನ್ನು ಎಸೆಯಲಿಲ್ಲ. ಸೋಪು ಹಾಕಿ ತೊಳೆದು ನೀರು ತುಂಬಿಸಿದರೆ ಒಂದೊಂದೂ ಐದು ಕಿಲೊ. ವಾರಕ್ಕೆ ಮೂರು ದಿನ, ಕೈಗೊಂದರಂತೆ ಹಿಡಿದು ಕುರ್ಚಿಯಿಂದ ಎದ್ದು ಕೂರುವುದು ಹನ್ನೆರಡು ಸಲ, ಬಾಗಿ ಎತ್ತುವುದು ಹನ್ನೆರಡು ಸಲ. ಮೊದಮೊದಲು ಕಾಲು ಭಾಗವಷ್ಟೇ ನೀರಿತ್ತು. ಸ್ನಾಯು ಉಳಿಸಿಕೊಳ್ಳದೆ ಇಳಿಸಿದ ತೂಕ ನಿಲ್ಲುವುದಿಲ್ಲ ಎಂಬುದು 2018ರಲ್ಲಿ ನಾನು ಕಲಿತ ಪಾಠ. ನನ್ನ ವಯಸ್ಸಿನ ಗೆಳತಿಯರು ನಡಿಗೆಯೊಂದನ್ನೇ ನೆಚ್ಚಿಕೊಂಡಿರುವುದನ್ನು ನೋಡಿದಾಗ ಸಂಕಟವಾಗುತ್ತದೆ, ದಯವಿಟ್ಟು ಭಾರವನ್ನೂ ಎತ್ತಿ ಎನ್ನುತ್ತೇನೆ. ನನ್ನ ಮಂಡಿ ನೋವು ತಗ್ಗಿದ್ದು ಡಬ್ಬಿ ಹಿಡಿದ ಮೇಲೆಯೇ.

ಕಾಗದದ ಮೇಲೆ ಲೆಕ್ಕ ಹಾಕಿದರೆ ಇಷ್ಟರಿಂದ ದಿನಕ್ಕೆ 500 ಕ್ಯಾಲೊರಿಗೂ ಹೆಚ್ಚು ಉಳಿಯಬೇಕು. ಒಂದು ಕಿಲೊ ಕೊಬ್ಬಿಗೆ 7,700 ಕ್ಯಾಲೊರಿ ಎಂದು ಹಿಡಿದರೆ ತಿಂಗಳಿಗೆ ಎರಡು ಕಿಲೊ. ನನಗೆ ಹಾಗಾಗಲಿಲ್ಲ. 12.4 ಕಿಲೊ ಇಳಿಯಲು 14 ತಿಂಗಳು ಹಿಡಿಯಿತು. ತೂಕ ಇಳಿದಂತೆ ದೇಹಕ್ಕೆ ಬೇಕಾಗುವ ಶಕ್ತಿಯೂ ಇಳಿಯುತ್ತದೆ, ನಡುವೆ ಮದುವೆ, ಮುಂಜಿ, ಹಬ್ಬಗಳು ಬರುತ್ತವೆ. 70 ಕಿಲೊ ಹತ್ತಿರ ಎರಡೂವರೆ ತಿಂಗಳು ಮುಳ್ಳು ಕದಲಲೇ ಇಲ್ಲ. ಆಗ ಏನನ್ನೂ ಬದಲಿಸದೆ ಸುಮ್ಮನೆ ಮುಂದುವರಿಸಿದೆ. ರವಿಕೆಗಳು ಸಡಿಲವಾಗುತ್ತಿದ್ದವು, ಅದೊಂದೇ ಧೈರ್ಯ. 2022ರ ಆಗಸ್ಟ್‌ನಲ್ಲಿ 66 ಕಿಲೊ, ಸೊಂಟ 88, ರಕ್ತಪರೀಕ್ಷೆಯಲ್ಲಿ 5.6.

ಕಷ್ಟದ ಭಾಗ ಅಲ್ಲಿಂದ ಶುರುವಾಯಿತು. ಇಳಿಸುವಾಗ ಪ್ರತಿ ತಿಂಗಳೂ ಹೊಸ ಅಂಕಿ ಹುರುಪು ಕೊಡುತ್ತದೆ. ಉಳಿಸಿಕೊಳ್ಳುವಾಗ ಅಂಕಿ ಬದಲಾಗದಿರುವುದೇ ಗೆಲುವು, ಅದನ್ನು ಯಾರೂ ಕೇಳುವುದಿಲ್ಲ, ಹೊಗಳುವುದಿಲ್ಲ. 2023ರಲ್ಲಿ ಅಪ್ಪ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ರಾತ್ರಿಗಳೆಲ್ಲ ಅವರ ಮಂಚದ ಪಕ್ಕದ ಬೆಂಚಿನ ಮೇಲೆ. ನಿದ್ದೆಯಿಲ್ಲ, ಕೈಗೆ ಸಿಕ್ಕ ಬಿಸ್ಕತ್ತು, ಬನ್ನು, ಚಹಾ. ಅದೇ ಹೊತ್ತಿಗೆ ನನಗೆ ಮುಟ್ಟು ನಿಲ್ಲುವ ಕಾಲ. 66 ಇದ್ದದ್ದು 69.5 ಆಯಿತು. ಆ ದಿನಗಳಲ್ಲಿ ನನ್ನ ಕೈಯಲ್ಲಿ ಉಳಿದಿದ್ದವು ಎರಡೇ: ಚಹಾಕ್ಕೆ ಅರ್ಧ ಚಮಚ, ಮತ್ತು ಭಾನುವಾರ ಬೆಳಗ್ಗೆ ಮನೆಗೆ ಬಂದಾಗ ತಪ್ಪದೆ ತೂಕ ನೋಡುವುದು. ಅಂಕಿ ಕಣ್ಣಿಗೆ ಬೀಳುತ್ತಲೇ ಇದ್ದುದರಿಂದ ಮೂರೂವರೆಗೆ ನಿಂತಿತು. ನೋಡದೆ ಬಿಟ್ಟಿದ್ದರೆ ಹತ್ತಾಗುತ್ತಿತ್ತು ಎಂದು ನನಗೆ ಖಾತ್ರಿಯಿದೆ. ಅಪ್ಪ ಮನೆಗೆ ಬಂದ ಮೇಲೆ ಐದು ತಿಂಗಳಲ್ಲಿ ಅದನ್ನು ಇಳಿಸಿದೆ.

ಅಂದಿನಿಂದ 67.5ಕ್ಕೆ ಒಂದು ಗೆರೆ ಎಳೆದುಕೊಂಡಿದ್ದೇನೆ. ಎರಡು ಭಾನುವಾರ ಸತತವಾಗಿ ಗೆರೆ ದಾಟಿದರೆ ಮಾಡುವುದು ಮೂರು: ರಾತ್ರಿ ಅನ್ನವಿಲ್ಲ, ಹೊರಗಿನ ಕರಿದದ್ದಿಲ್ಲ, ಸಂಜೆ ಹದಿನೈದು ನಿಮಿಷ ಹೆಚ್ಚು ನಡಿಗೆ. ಗೆರೆಯ ಕೆಳಗಿದ್ದಾಗ ಹಬ್ಬವನ್ನು ಹಬ್ಬದಂತೆಯೇ ಉಣ್ಣುತ್ತೇನೆ. ಎಳ್ಳು ಅಮಾವಾಸ್ಯೆಯ ದಿನ ಹೊಲದಲ್ಲಿ ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ ಬಂದು ಜೋಳದ ಬೆಳೆಯ ನಡುವೆ ಕಂಬಳಿ ಹಾಸಿ ಕುಳಿತಾಗ ಸಜ್ಜೆ ಕಡಬು, ಕಾಳು ಸೊಪ್ಪಿನ ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಅಂಬಲಿ ಯಾವುದನ್ನೂ ಎಣಿಸುವುದಿಲ್ಲ. ವರ್ಷಕ್ಕೆ ಅಂಥ ಎಂಟು ಹತ್ತು ದಿನಗಳು ಯಾರನ್ನೂ ದಪ್ಪ ಮಾಡುವುದಿಲ್ಲ. ಮರುದಿನ ಬೆಳಗ್ಗೆ ಉಪವಾಸವೂ ಇಲ್ಲ. ಎಂದಿನ ಮೂರು ಸಣ್ಣ ರೊಟ್ಟಿ, ಎಂದಿನ ಬೇಳೆ.

ಈ ಸಲ ಜಾತ್ರೆಗೆ ಊರಿಂದ ನೆಂಟರು ಬಂದಿದ್ದರು. ಒಂದು ವಾರ ಸಂಜೆಯಾದರೆ ಸುಸಲಾ, ಮಿರ್ಚಿ ಭಜಿ, ಜಿಲೇಬಿ. ಹಿಂದಿನ ಭಾನುವಾರ 67.8 ಇತ್ತು, ಇವತ್ತು 67.9. ನೆಂಟರನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಬಂದಿದ್ದೇನೆ. ರಾತ್ರಿಗೆ ಎರಡು ರೊಟ್ಟಿ, ಗಟ್ಟಿ ಬೇಳೆ, ಮಜ್ಜಿಗೆ ಸಾಕೆಂದು ಅತ್ತೆಯವರಿಗೆ ಹೇಳಿದೆ. ಡಬ್ಬಿಗಳಲ್ಲಿ ನೀರು ಕಡಿಮೆಯಾಗಿತ್ತು, ತುಂಬಿಸಿ ಬಾಗಿಲ ಬಳಿ ಇಟ್ಟಿದ್ದೇನೆ.