ಬೋರರ್ ಹಾರುವ ಮೊದಲೇ ಊಹೆ ಬರೆದಿಡಿ

ಸೋಮವಾರಪೇಟೆ ಕಡೆ ಅರೇಬಿಕಾ ಕಾಫಿ ಬೆಳೆಯುವವರನ್ನು ಕೇಳಿ, ಗಿಡದ ಕಾಂಡ ಕೊರೆಯುವ ಬೋರರ್ ಹುಳ ಯಾಕೆ ಜಾಸ್ತಿಯಾಯಿತು ಅಂತ. ಒಬ್ಬರು ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಜಾಸ್ತಿಯಾಗಿ ಬಿಸಿಲು ಬಿತ್ತು ಅನ್ನುತ್ತಾರೆ. ಇನ್ನೊಬ್ಬರು ಗಿಡಕ್ಕೆ ವಯಸ್ಸಾಯಿತು ಅನ್ನುತ್ತಾರೆ. ಪಕ್ಕದ ತೋಟದಲ್ಲಿ ಹುಳ ಹಿಡಿದ ಗಿಡ ಕಿತ್ತು ಸುಡಲಿಲ್ಲ ಅನ್ನುವವರೂ ಇದ್ದಾರೆ. ಸಂಶೋಧನೆ ಮಾಡುವವರಿಗೆ ಈ ಮೂರೂ ಹೈಪಾಥಿಸಿಸ್‌ಗಳೇ, ಅಂದರೆ ಪರೀಕ್ಷಿಸಿ ನೋಡಬೇಕಾದ ಊಹೆಗಳೇ, ಮೂರನ್ನೂ ಜೊತೆಗೇ ಇಟ್ಟುಕೊಳ್ಳಬೇಕು. ಒಂದೇ ಊಹೆ ಇದ್ದರೆ ಹೆತ್ತವರ ಹಾಗೆ ಅದರ ಮೇಲೆ ಮಮತೆ ಬೆಳೆದುಬಿಡುತ್ತದೆ. ಅಮೆರಿಕದ ಭೂವಿಜ್ಞಾನಿ ಥಾಮಸ್ ಚೇಂಬರ್ಲಿನ್ 1890ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು.

ಊಹೆಗಳನ್ನು ಬರೆದಿಡಲು ನಾನು ಬಳಸುವುದು ಅಬ್ಸಿಡಿಯನ್ ಅನ್ನುವ ಟಿಪ್ಪಣಿ ಆ್ಯಪ್. ಟಿಪ್ಪಣಿಗಳೆಲ್ಲ ನಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಸಾದಾ ಫೈಲ್‌ಗಳಾಗಿ ಇರುತ್ತವೆ. ಇಂಟರ್ನೆಟ್ ಬೇಕಿಲ್ಲ. ಮಳೆಗಾಲದ ಕೊಡಗಿನಲ್ಲಿ ಇದು ಸಣ್ಣ ಅನುಕೂಲ ಅಲ್ಲ.

ಒಂದು ಊಹೆಗೆ ಒಂದು ಫೈಲ್ ಮಾಡಿ. ಹೆಸರು ಪೂರ್ತಿ ವಾಕ್ಯವಾಗಿರಲಿ. ‘ನೆರಳು ಮತ್ತು ಬೋರರ್’ ಅನ್ನುವುದು ಬರೀ ವಿಷಯ. ‘ನೆರಳು ಕಡಿಮೆ ಇರುವ ಬ್ಲಾಕಿನಲ್ಲಿ ಬೋರರ್ ಹಿಡಿದ ಗಿಡ ಜಾಸ್ತಿ’ ಅಂದರೆ ಎಣಿಸಿ ನೋಡಬಹುದು, ಅಲ್ವಾ? ಫೈಲಿನ ಮೇಲ್ಗಡೆ ಪ್ರಾಪರ್ಟೀಸ್‌ನಲ್ಲಿ ಬರೆದ ದಿನ, ಸ್ಥಿತಿ, ಎದುರಾಳಿ ಊಹೆ ಸೇರಿಸಿ. ಅಬ್ಸಿಡಿಯನ್‌ನಲ್ಲೇ ಇರುವ ಬೇಸಸ್ ತೆರೆದರೆ ಎಲ್ಲ ಊಹೆಗಳೂ ಒಂದೇ ಪಟ್ಟಿಯಲ್ಲಿ ಕಾಣುತ್ತವೆ.

ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಸಾಲು: ಏನು ಕಂಡರೆ ಇದನ್ನು ಬಿಡುತ್ತೇನೆ? ನನ್ನ ಫೈಲಿನಲ್ಲಿ ಹೀಗಿದೆ: ‘ಒಂದೇ ವಯಸ್ಸಿನ ಗಿಡಗಳನ್ನು ಹೋಲಿಸಿದಾಗ ನೆರಳಿನಿಂದ ವ್ಯತ್ಯಾಸ ಕಾಣದಿದ್ದರೆ ಬಿಡುತ್ತೇನೆ.’ ಇಷ್ಟು ಬರೆಯಲು ಕೂತಾಗಲೇ ಪ್ರತಿ ಬ್ಲಾಕಿನಲ್ಲೂ ಗಿಡದ ವಯಸ್ಸು ಕೇಳಿ ಬರೆದುಕೊಳ್ಳಬೇಕು ಅನ್ನುವುದು ಹೊಳೆಯುತ್ತದೆ. ತೋಟದ ರೈಟರ್ (ಲೆಕ್ಕಪತ್ರ ನೋಡುವವರು) ಹತ್ತಿರ ಕೇಳಿದರೆ ಸಿಗುವ ಮಾಹಿತಿ ಅದು. ಬೋರರ್, ಅಂದರೆ ಬಿಳಿ ಕಾಂಡಕೊರಕದ ದುಂಬಿ, ಹಾರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಅಕ್ಟೋಬರ್ ಹಾರಾಟದ ಮೇಲೆ ಕೆಲಸ ಇದ್ದರೆ ಸೆಪ್ಟೆಂಬರ್‌ನಲ್ಲೇ ಈ ಸಾಲು ಸಿದ್ಧವಾಗಿರಲಿ. ಲೆಕ್ಕ ಕೈಗೆ ಬಂದ ಮೇಲೆ ಬರೆದರೆ ಊಹೆ ತಾನಾಗಿ ಲೆಕ್ಕದ ಕಡೆ ವಾಲುತ್ತದೆ.

ಓದಿದ ಲೇಖನಗಳನ್ನು ಜೋಡಿಸಿಡಲು ಝೊಟೆರೊ ಅನ್ನುವ ಸಾಫ್ಟ್‌ವೇರ್ ಸಾಕು, ಉಚಿತ. ಊಹೆಗೊಂದು ಕಲೆಕ್ಷನ್ ಮಾಡಿ, ಒಂದೇ ಲೇಖನವನ್ನು ಎರಡರಲ್ಲೂ ಇಡಬಹುದು. ಆದರೆ ‘ಪರ’, ‘ವಿರೋಧ’ ಅಂತ ಟ್ಯಾಗ್ ಹಾಕಬೇಡಿ. ಒಂದು ಊಹೆಗೆ ಪರವಾದ ಲೇಖನ ಇನ್ನೊಂದಕ್ಕೆ ವಿರೋಧವಾಗಿರಬಹುದು. ಅದನ್ನು ಊಹೆಯ ಫೈಲಿನಲ್ಲೇ, ಕಾರಣದ ಜೊತೆ ಬರೆಯಿರಿ.

ಊಹೆ ಬರೆದ ದಿನಾಂಕಕ್ಕೆ ಹೊರಗಿನ ಸಾಕ್ಷಿ ಬೇಕಿದ್ದರೆ ಸಂಶೋಧನಾ ಯೋಜನೆಗಳನ್ನು ದಾಖಲಿಸುವ ಓಎಸ್‌ಎಫ್ (ಓಪನ್ ಸೈನ್ಸ್ ಫ್ರೇಮ್‌ವರ್ಕ್) ಜಾಲತಾಣದಲ್ಲಿ ನೋಂದಾಯಿಸಿ. ಬೇಕಾದರೆ 4 ವರ್ಷದವರೆಗೆ ಗುಟ್ಟಾಗಿಡಬಹುದು.

ಬಿದ್ದುಹೋದ ಊಹೆಯ ಫೈಲ್ ಅಳಿಸಬೇಡಿ. ಸ್ಥಿತಿಯಲ್ಲಿ ‘ಕೈಬಿಟ್ಟದ್ದು’ ಅಂತ ಹಾಕಿ, ಯಾವ ತೋಟದ ಯಾವ ಲೆಕ್ಕ ನೋಡಿ ಬಿಟ್ಟಿರಿ ಅನ್ನುವುದನ್ನು ಕೆಳಗೆ ಬರೆಯಿರಿ. ನಿಮ್ಮ ನಂತರ ಅದೇ ತೋಟಕ್ಕೆ ಬರುವ ವಿದ್ಯಾರ್ಥಿ ಮೊದಲು ಕೇಳುವುದು ಅದನ್ನೇ.