ಮಜ್ಜಿಗೆ ಹುಲ್ಲಿನ ಕಷಾಯಕ್ಕೆ ಮುಚ್ಚಳ ಬೇಕೇ ಬೇಕು

ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಕಷಾಯ ಕುಡಿದು ‘ಬರೀ ಹುಲ್ಲು ಬೇಯಿಸಿದ ನೀರು’ ಎಂದು ಲೋಟ ಕೆಳಗಿಟ್ಟವರನ್ನು ಬಹಳ ನೋಡಿದ್ದೇನೆ. ಅವರ ನಾಲಿಗೆ ಸರಿಯಾಗಿಯೇ ಇತ್ತು, ಕಷಾಯ ಕೆಟ್ಟಿತ್ತು. ಕಳೆದ ಮಳೆಗಾಲದಲ್ಲಿ ನೆಂಟರ ಮನೆಯಲ್ಲಿ ನೆಗಡಿಗೆಂದು ಒಲೆಯ ಮೇಲಿಟ್ಟರು. ಮುಚ್ಚಳವಿಲ್ಲದ ಪಾತ್ರೆಯಲ್ಲಿ ಅರ್ಧ ಗಂಟೆ ಕೊತಕೊತ ಕುದಿಯಿತು. ಜಗಲಿಯವರೆಗೂ ಘಮ ಹರಡಿತು. ಲೋಟಕ್ಕೆ ಬಗ್ಗಿಸುವ ಹೊತ್ತಿಗೆ ಒಳಗೆ ಪರಿಮಳದ ಸುಳಿವಿರಲಿಲ್ಲ.

ಈ ಹುಲ್ಲಿನ ಸತ್ವ ಬಹುಮಟ್ಟಿಗೆ ಎಲೆಯೊಳಗಿನ ತೈಲದಲ್ಲಿದೆ. ನೂರು ಗ್ರಾಂ ಹಸಿ ಹುಲ್ಲಿನಲ್ಲಿ ಅದು ಸಾಮಾನ್ಯವಾಗಿ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಆ ತೈಲದ ಸುಮಾರು ಮುಕ್ಕಾಲು ಪಾಲು ಸಿಟ್ರಾಲ್. ನಿಂಬೆಯ ವಾಸನೆ ಬರುವುದು ಅದರಿಂದಲೇ. ಭಟ್ಟಿ ಇಳಿಸುವವರು ಹುಲ್ಲಿಗೆ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿ ತೈಲ ಹಿಡಿಯುತ್ತಾರೆ. ಪಾತ್ರೆ ತೆರೆದಿಟ್ಟು ಕುದಿಸಿದರೆ ಅಡುಗೆಮನೆಯಲ್ಲಿ ಆಗುವುದೂ ಅದೇ. ತೈಲ ಮಾತ್ರ ಯಾರ ಕೈಗೂ ಸಿಗುವುದಿಲ್ಲ.

ಮೊದಲು ಗಿಡ ಸರಿಯಾದದ್ದೇ ಎಂದು ನೋಡಿಕೊಳ್ಳಿ. ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಹುಲ್ಲು ನೋಡಲು ಹೀಗೆಯೇ ಇರುತ್ತದೆ. ನರ್ಸರಿಯೊಂದರಿಂದ ನಾನೇ ಒಮ್ಮೆ ಅದನ್ನು ಮಜ್ಜಿಗೆ ಹುಲ್ಲೆಂದು ತಂದಿದ್ದೆ. ಬುಡ ಕೆಂಪಗಿದ್ದರೆ ಸಿಟ್ರೊನೆಲ್ಲಾ ಎನ್ನುತ್ತಾರೆ, ಆ ಗುರುತೊಂದನ್ನೇ ನೆಚ್ಚಿಕೊಳ್ಳಬೇಡಿ. ಕೇರಳದ ಓಡಕ್ಕಾಲಿ ಸಂಶೋಧನಾ ಕೇಂದ್ರದಿಂದ ಬಂದ ‘ಸುಗಂಧಿ’ ಎಂಬ ಒಳ್ಳೆಯ ತಳಿಯ ಕಾಂಡವೂ ಕೆಂಪೇ. ಎಲೆಯನ್ನು ಹೊಸಕಿ ಮೂಸಿ. ನಿಂಬೆ ಸಿಪ್ಪೆಯ ತಿಳಿಯಾದ ವಾಸನೆ ಬರಬೇಕು. ಸಾಬೂನಿನಂತೆ ಗಾಟಾಗಿ ಮೂಗಿಗೆ ಬಡಿದರೆ ಅದನ್ನು ಕಷಾಯಕ್ಕೆ ಹಾಕಲೇಬೇಡಿ.

ನೆಡುವುದು ಸುಲಭ: ಹಳೆಯ ಬುಡದಿಂದ ಬೇರುಸಹಿತ ಎರಡು ಸೀಳು ತಂದು, ಬಿಸಿಲು ಬೀಳುವ, ನೀರು ನಿಲ್ಲದ ಕಡೆ ಊರಿದರೆ ಸಾಕು.

ಕೊಯ್ಯುವಾಗ ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಎಲೆಯಂಚು ಗರಗಸದಂತಿರುತ್ತದೆ, ಮಕ್ಕಳ ಕೈಗೆ ಕೊಡಬೇಡಿ.

ಇನ್ನು ಕಷಾಯ. ಇಬ್ಬರಿಗೆ ಮೂರು ಲೋಟ ನೀರಿಡಿ. ಶುಂಠಿ, ಕೊತ್ತಂಬರಿ ಬೀಜ, ನಾಲ್ಕು ಕಾಳುಮೆಣಸು ಜಜ್ಜಿ ಹಾಕಿ, ನೀರು ಎರಡು ಲೋಟಕ್ಕೆ ಇಳಿಯುವವರೆಗೆ ಕುದಿಸಿ. ಇವು ಕುದಿಯಬೇಕಾದವು, ಹುಲ್ಲು ಆಗಲೇ ಬೀಳಬಾರದು. ಅಷ್ಟರಲ್ಲಿ ನಾಲ್ಕೈದು ಹಸಿ ಎಲೆಗಳನ್ನು ತೊಳೆದು, ಅಂಗೈಯಲ್ಲಿ ಹಗ್ಗದಂತೆ ಹೊಸೆದು ಗಂಟು ಹಾಕಿ. ಹೊಸೆಯುವಾಗ ಎಲೆ ನಲುಗಿ ತೈಲ ಬಿಡುತ್ತದೆ, ಗಂಟಿರುವುದರಿಂದ ನಾರು ಗಂಟಲಿಗೆ ಸಿಗುವುದಿಲ್ಲ. ಮಿಕ್ಸಿಗೆ ಹಾಕುವವರಿದ್ದಾರೆ, ಕಷಾಯ ಕಹಿಯಾಗುತ್ತದೆ, ನಾರಿನ ಚೂರು ಸೋಸಿದರೂ ಹೋಗುವುದಿಲ್ಲ.

ಕುದಿದ ನೀರಿಗೆ ಬೆಲ್ಲ ಹಾಕಿ, ಅದು ಕರಗಿದ ಮೇಲೆ ಉರಿ ಆರಿಸಿ. ಗಂಟನ್ನು ನೀರಲ್ಲಿ ಮುಳುಗಿಸಿ ತಕ್ಷಣ ಬಿಗಿಯಾದ ಮುಚ್ಚಳ ಹಾಕಿ. ಎಂಟು ನಿಮಿಷ ತೆಗೆಯಲೇಬೇಡಿ, ಇಣುಕಿ ನೋಡಲೂ ಬೇಡ. ತೆಗೆದಾಗ ಮುಚ್ಚಳದ ಒಳಮೈಯಲ್ಲಿ ಹನಿಗಳಿರುತ್ತವೆ. ಬಹಳ ಮಂದಿ ಅದನ್ನು ತೊಟ್ಟಿಗೆ ಕೊಡವುತ್ತಾರೆ. ಹಬೆಯೊಡನೆ ಎದ್ದ ತೈಲ ಇರುವುದು ಆ ಹನಿಗಳಲ್ಲಿ, ಪಾತ್ರೆಗೇ ಬಸಿಯಿರಿ. ಹಾಲು ಬೇಕೆನ್ನುವವರು ಕೊನೆಗೆ ಲೋಟದಲ್ಲಿ ಬೆರೆಸಿಕೊಳ್ಳಲಿ. ಹಾಲಿಲ್ಲದೆ ಕುಡಿಯುವುದೇ ಸರಿ ಎಂಬುದು ನನ್ನ ಖಚಿತ ಮಾತು.

ಹೆಸರೇ ಹೇಳುವಂತೆ ಇದು ಮಜ್ಜಿಗೆಗೂ ಸೇರುವ ಹುಲ್ಲು. ಎರಡು ಎಲೆ ಹೊಸೆದು ಉಪ್ಪು ಹಾಕಿದ ಮಜ್ಜಿಗೆಯಲ್ಲಿ ಅರ್ಧ ಗಂಟೆ ಮುಚ್ಚಿಡಿ. ಒಲೆಯ ಗೊಡವೆಯೇ ಇಲ್ಲ.

ಊಟದ ಮೇಲಿನ ಹೊಟ್ಟೆಯುಬ್ಬರ, ನೆಗಡಿ, ಕಟ್ಟಿದ ಮೂಗು, ಮೈಕೈ ನೋವಿನ ಜ್ವರಕ್ಕೆ ಹಿಂದಿನಿಂದಲೂ ಇದನ್ನು ಕೊಡುತ್ತಾ ಬಂದಿದ್ದಾರೆ. ಸಿಟ್ರಾಲ್ ಕೆಲವು ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ತಡೆಯುವುದು ಪ್ರಯೋಗಾಲಯದಲ್ಲಿ ಕಂಡ ಸಂಗತಿ. ಅಷ್ಟನ್ನೇ ಹಿಡಿದುಕೊಂಡು ದೊಡ್ಡ ರೋಗಗಳು ವಾಸಿಯಾಗುತ್ತವೆ ಎಂದು ಮೊಬೈಲ್‌ನಲ್ಲಿ ಹರಿದಾಡುವ ಮಾತಿಗೆ ಆಧಾರವಿಲ್ಲ. ಜ್ವರ ಮೂರು ದಿನ ಬಿಡದಿದ್ದರೆ ವೈದ್ಯರ ಬಳಿ ಹೋಗಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಕುಡಿಯಬಾರದು. ಸೀಸೆಯಲ್ಲಿ ಮಾರುವ ತೈಲವನ್ನು ಒಂದು ಹನಿಯೂ ಹೊಟ್ಟೆಗೆ ತೆಗೆದುಕೊಳ್ಳಬೇಡಿ, ನೇರವಾಗಿ ಚರ್ಮಕ್ಕೂ ಹಚ್ಚಬೇಡಿ.

ಒಣಗಿಸಿಡುವುದಾದರೆ ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಹಾಕಿದರೆ ಹುಲ್ಲು ಬಣಗುಟ್ಟುತ್ತದೆ, ಪರಿಮಳ ಹಾರುತ್ತದೆ. ಅಂಗಡಿಯ ಪೊಟ್ಟಣ ಕೊಂಡರೆ ಒಡೆದು ಮೂಸಿ; ಒಣಹುಲ್ಲಿನ ವಾಸನೆಯಷ್ಟೇ ಬಂದರೆ ಮತ್ತೆ ಅದನ್ನು ಕೊಳ್ಳಬೇಡಿ. ನಾನಂತೂ ಹಸಿ ಎಲೆಯನ್ನು ಗಂಟು ಕಟ್ಟಿ, ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡುತ್ತೇನೆ. ಬೇಕಾದಾಗ ಒಂದು ಗಂಟು ತೆಗೆದು, ಕರಗಲು ಬಿಡದೆ, ಹಾಗೆಯೇ ಬಿಸಿ ನೀರಿಗೆ ಹಾಕುತ್ತೇನೆ.