ಬಿತ್ತಿದ ಮಳೆ ನೋಡಿ ತೊಗರಿಯ ಸಾಲು ಬಿಟ್ಟೆ: ನನ್ನ ಅನುಭವ

2024ರ ಮುಂಗಾರಿನಲ್ಲಿ ಹಿರಿಯೂರು ಕಡೆಯ ನನ್ನ ಕೆಂಪು ಹೊಲದಲ್ಲಿ ಬರೀ ಮಳೆಗೆ ಎಕರೆಗೆ ಆರು ಕ್ವಿಂಟಾಲ್ ಹತ್ತಿರ ತೊಗರಿ ಬಂತು. ಸಾಲಿಂದ ಸಾಲಿಗೆ ಐದಡಿ, ಗುಣಿಯಿಂದ ಗುಣಿಗೆ ಎರಡಡಿ ಬಿಟ್ಟು ಬೀಜ ಊರಿದಾಗ ಪಕ್ಕದ ಹೊಲದ ಅಣ್ಣ, "ಇಷ್ಟು ಜಾಗ ಬಿಟ್ಟಿದ್ದೀಯಲ್ಲ, ಎತ್ತು ಕಟ್ಟುವುದಕ್ಕಾ?" ಎಂದು ಕೇಳಿದ್ದರು. ಈಗ ಅಳತೆ ಹಗ್ಗ ಹಿಡಿದು ಬಂದವರೂ ಅವರೇ.

ಐದಡಿ ಎಲ್ಲ ಕಾಲಕ್ಕೂ ಸಲ್ಲುವುದಿಲ್ಲ. ಹಿಂದೊಂದು ವರ್ಷ ಮೇ ಕೊನೆಯಿಂದ ಜೂನ್ ಮೂರನೇ ವಾರದವರೆಗಿನ ರೋಹಿಣಿ, ಮೃಗಶಿರ ಮಳೆ ಎರಡೂ ಕೈಕೊಟ್ಟವು. ಜುಲೈ ಕೊನೆಯ ಪುಷ್ಯ ಮಳೆಗೆ ಅದೇ ಅಂತರದಲ್ಲಿ ಬಿಆರ್‌ಜಿ-2 ತಳಿ ಊರಿದೆ. ಗಿಡ ಸೊಂಟದ ಮಟ್ಟಕ್ಕೆ ನಿಂತಿತು, ಸಾಲುಗಳ ನಡುವಿನ ಜಾಗ ಮುಚ್ಚಲೇ ಇಲ್ಲ. ಎಕರೆಗೆ ಎರಡು ಕ್ವಿಂಟಾಲೂ ದಕ್ಕದೆ ಕಳೆ, ಔಷಧಿಯ ಖರ್ಚೂ ಹುಟ್ಟಲಿಲ್ಲ. ಹಗಲು ಕುಗ್ಗುತ್ತಿದ್ದಂತೆ ತೊಗರಿ ತನ್ನ ವಯಸ್ಸು ನೋಡದೆ ಹೂವಿಗೆ ಬರುತ್ತದೆ. ತಡವಾಗಿ ಬಿತ್ತಿದರೆ ಕವಲೊಡೆಯಲು ಅದಕ್ಕೆ ಪುರಸೊತ್ತೇ ಇಲ್ಲ. ಹಾಗಾಗಿ ಈಗ ಜುಲೈ ನಡುವಿನ ಪುನರ್ವಸು ಮಳೆ ದಾಟಿತೆಂದರೆ ಮೂರಡಿ ಸಾಲು, ಗಿಡಕ್ಕೆ ಮುಕ್ಕಾಲಡಿ. ಗಿಡ ಚಿಕ್ಕದಾದರೂ ಸಂಖ್ಯೆ ಕೈಹಿಡಿಯುತ್ತದೆ.

2024ರಲ್ಲಿ ಮೃಗಶಿರಕ್ಕೆ ಊರಿದ ಗಿಡದ ಚೆಂದವೇ ಬೇರೆ. ನಲವತ್ತೈದು, ಐವತ್ತು ದಿನಕ್ಕೆ ಕುಡಿ ಚಿವುಟಿದ ಮೇಲೆ ನೆಲದಿಂದ ಗೇಣೆತ್ತರದಲ್ಲೇ ಕವಲು ಹೊರಟು, ದಸರೆ ಹೊತ್ತಿಗೆ ಐದಡಿಯೂ ಮುಚ್ಚಿಹೋಗಿತ್ತು. ಕೂರಿಗೆಯಲ್ಲಿ ಬಿತ್ತುವಾಗ ಐದಾರು ಕೆಜಿ ಬೀಜ ಹೋಗುತ್ತಿದ್ದ ಎಕರೆಗೆ ಒಂದೂವರೆ ಕೆಜಿ ಸಾಕಾಯಿತು. ಊರುವುದಕ್ಕೆ ನಾಲ್ಕೈದು ಆಳು, ಸುಮಾರು ಎರಡು ಸಾವಿರ ರೂಪಾಯಿ. ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಸಲೀಸಾಗಿ ಆಡಿತು. ಕಾಯಿಕೊರಕಕ್ಕೆ ಔಷಧಿ ಹೊಡೆಯುವವನು ಸಾಲಿನೊಳಗೆ ಆರಾಮವಾಗಿ ನಡೆದ.

ತಳಿಯನ್ನೂ ಮಳೆ ನೋಡಿಯೇ ಆರಿಸಬೇಕು. ಬೇಗ ಕೊಯ್ಲಿಗೆ ಬರುವ ಟಿಎಸ್-3ಆರ್ ಅನ್ನು ಅದೇ ಮೃಗಶಿರಕ್ಕೆ ಅರ್ಧ ಎಕರೆ ಹಾಕಿದ್ದೆ. ಹೂವಿನ ಹೊತ್ತಿಗೆ ಮೋಡ, ಜಡಿಮಳೆ. ಬೆಳಿಗ್ಗೆ ಬುಡದಲ್ಲೆಲ್ಲ ಉದುರಿದ ಹೂವಿನ ಹಳದಿ ಹಾಸು. ಅದನ್ನು ತಡವಾದ ಬಿತ್ತನೆಗೇ ಇಟ್ಟುಕೊಂಡಿದ್ದೇನೆ.

ಸಾಲಿನ ನಡುವೆ ಸಾಮೆ ಚೆಲ್ಲಿ ನೋಡಿದ್ದೂ ಉಂಟು. ಮೇವು ದಂಡಿಯಾಗಿ ಸಿಕ್ಕಿತು, ತೊಗರಿ ಮಾತ್ರ ಮೊದಲಲ್ಲಿ ಸೊರಗಿತು. ಎರಡು ಸಾಲು ಶೇಂಗಾ ವಾಸಿ. ಬದುವಿನಂಚಿಗೆ ಹಾಕಿದ್ದ ಬಿಆರ್‌ಜಿ-1 ತಳಿಯ ತೊಗರಿಯ ಹಸಿಕಾಯಿ ಮಾರಿ ಕೊಯ್ಲಿನ ಕೂಲಿ ಹೊಂದಿಸಿಕೊಂಡೆ.

ಅದು ಕ್ವಿಂಟಾಲಿಗೆ ಬೆಂಬಲ ಬೆಲೆ 7,550 ರೂಪಾಯಿ ಇದ್ದ ವರ್ಷ. ನನಗೆ ಮಂಡಿಯಲ್ಲಿ ಏಳು ಸಾವಿರದ ಆಸುಪಾಸು ಸಿಕ್ಕಿತು. ಖರ್ಚು ಕಳೆದು ಎಕರೆಗೆ ಇಪ್ಪತ್ತೈದು ಸಾವಿರಕ್ಕೆ ಮೋಸವಿಲ್ಲ. ಮುಂದಿನ ಸಲ ಕಪ್ಪು ಹೊಲದಲ್ಲಿ ಆರಡಿ ಬಿಟ್ಟು ನೋಡುವವನಿದ್ದೇನೆ, ರೋಹಿಣಿ ಹದವಾಗಿ ಬಂದರೆ.